ಟರ್ಬೊ ಸಿಯಿಂದ ರಾಸ್ಪ್‌ಬೆರಿ ಪೈವರೆಗೆ: ಒಂದು ಗ್ರಂಥಸೂಚಿ ಪ್ರೋಗ್ರಾಂನ ರಿಪೇರಿ

ಊರಿನ ಸಣ್ಣ ಗ್ರಂಥಾಲಯವೊಂದರ ಪುಸ್ತಕಸೂಚಿ ತೊಂಬತ್ತರ ದಶಕದ ಡಾಸ್ ಪ್ರೋಗ್ರಾಂ ಒಂದರೊಳಗೆ ಸಿಕ್ಕಿಹಾಕಿಕೊಂಡಿತ್ತು. ಬರೆದವರು ಅಲ್ಲಿನ ಕಾಲೇಜಿನ ಮೇಷ್ಟರೊಬ್ಬರು. ಬರೆದದ್ದು ಬೋರ್ಲ್ಯಾಂಡ್ ಕಂಪನಿಯ ಸಿ ಕಂಪೈಲರ್ ಆದ ಟರ್ಬೊ ಸಿಯಲ್ಲಿ (ಕಂಪೈಲರ್ ಎಂದರೆ ಕೋಡನ್ನು ಯಂತ್ರದ ಭಾಷೆಗೆ ಬದಲಿಸುವ ಪ್ರೋಗ್ರಾಂ). ಶೀರ್ಷಿಕೆಗಳು, ಲೇಖಕರ ಹೆಸರುಗಳು ಎಲ್ಲವೂ ಕನ್ನಡದಲ್ಲೇ ಇವೆ. ಭಾರತೀಯ ಲಿಪಿಗಳನ್ನು ಪರದೆಗೆ ತರುವ ಆ ಕಾಲದ ಜಿಸ್ಟ್ ಕಾರ್ಡ್ ಹಾಕಿದ ಯಂತ್ರದಲ್ಲಿ, ಭಾರತೀಯ ಲಿಪಿಗಳ ಇಸ್ಕಿ ಸಂಕೇತದಲ್ಲಿ ಟೈಪ್ ಮಾಡಿದವು. ಯಂತ್ರ ಎಂದೋ ಗುಜರಿ ಸೇರಿದೆ. ಉಳಿದದ್ದು ಸೋರ್ಸ್ ಕೋಡ್ ಮತ್ತು ದತ್ತಾಂಶದ ಕಡತ. ಗ್ರಂಥಪಾಲಕರಿಗೆ ಬೇಕಾದದ್ದು ಇಷ್ಟೆ: ಮೇಜಿನ ಮೇಲಿರುವ ಪುಟ್ಟ ಕಂಪ್ಯೂಟರ್ ರಾಸ್ಪ್‌ಬೆರಿ ಪೈಯಲ್ಲಿ ಪುಸ್ತಕ ಹುಡುಕಲು ಬರಬೇಕು, ಪಟ್ಟಿಯನ್ನು ಹೊರತೆಗೆಯಲು ಬರಬೇಕು.

ಹಳೆಯ ಡಾಸ್ ಪ್ರೋಗ್ರಾಂಗಳನ್ನು ಇಂದಿನ ಯಂತ್ರದಲ್ಲಿ ಓಡಿಸುವ ಡಾಸ್‌ಬಾಕ್ಸ್‌ನಲ್ಲಿ ಓಡಿಸಿದರೆ ಮುಗಿಯಿತಲ್ಲ ಎಂದು ಕೇಳಿದವರಿದ್ದಾರೆ. ಪ್ರೋಗ್ರಾಂ ಓಡುತ್ತದೆ, ಆದರೆ ಜಿಸ್ಟ್ ಕಾರ್ಡ್ ಇಲ್ಲದ ಪರದೆಯಲ್ಲಿ ಕನ್ನಡದ ಜಾಗದಲ್ಲಿ ಡಾಸ್‌ನ ಗೆರೆ, ಚೌಕ, ಗ್ರೀಕ್ ಅಕ್ಷರಗಳು ಕಾಣಿಸುತ್ತವೆ. ಹಾಗಾಗಿ ಕೋಡನ್ನೇ ರಿಪೇರಿ ಮಾಡುವುದು ಎಂದು ನಿಶ್ಚಯವಾಯಿತು.

ಮಧ್ಯದಲ್ಲಿ ಇನ್ನೊಂದು ಕೈ ಆಡಿತ್ತು. ಮೇಷ್ಟರ ಹಳೆಯ ವಿದ್ಯಾರ್ಥಿಯೊಬ್ಬರು ಲಿನಕ್ಸ್‌ಗೆ ತರಲು ಹೊರಟು, ಪರದೆ ಮೂಡಿ ವಿಷಯಪಟ್ಟಿ ತೆರೆಯುವವರೆಗೆ ಬಂದು ನಿಲ್ಲಿಸಿದ್ದರು. ಅಂದರೆ ನನಗೆ ಸಿಕ್ಕಿದ್ದು ಎರಡು ಕಾಲದ, ಎರಡು ಬಗೆಯ ನಂಬಿಕೆಗಳ ಕೋಡ್.

ಇನ್‌ಕ್ಲೂಡ್ ಸಾಲುಗಳು

ಕೋಡ್ ಓದುವ ಮೊದಲು ಎಲ್ಲ ಕಡತಗಳಿಂದ ಇನ್‌ಕ್ಲೂಡ್ ಸಾಲುಗಳನ್ನಷ್ಟೇ (ಫಂಕ್ಷನ್‌ಗಳ ಘೋಷಣೆಗಳಿರುವ ಹೆಡರ್ ಕಡತಗಳನ್ನು ಒಳಗೆ ಕರೆಯುವ ಸಾಲುಗಳು) ಗ್ರೆಪ್ ಮಾಡಿ, ಅಂದರೆ ಹುಡುಕಿ ತೆಗೆದು, ಒಂದೊಂದು ಹೆಡರ್‌ನ ಮುಂದೂ ಅದು ಯಾರ ಸೊತ್ತು ಎಂದು ಬರೆದುಕೊಂಡೆ. ಸಿ ಭಾಷೆಯ ಮೊದಲ ಗುಣಮಟ್ಟವಾದ (ಸ್ಟ್ಯಾಂಡರ್ಡ್) 1989ರ ಆನ್ಸಿ ಸಿಯಲ್ಲಿ ಇದ್ದ ಹೆಡರ್‌ಗಳು 15. 1995ರ ತಿದ್ದುಪಡಿಯಿಂದ ಅದು 18 ಆಯಿತು, ಸಿ99ರಲ್ಲಿ 24, ಸಿ11ರಲ್ಲಿ 29, ಸಿ23ರಲ್ಲಿ 31. ಈ ಪಟ್ಟಿಯಲ್ಲಿ ಇಲ್ಲದ ಹೆಡರ್ ಯಾವುದೇ ಇರಲಿ, ಅದು ಭಾಷೆ ಕೊಟ್ಟದ್ದಲ್ಲ. ಯಾವುದೋ ಕಂಪೈಲರ್ ಅಥವಾ ಆಪರೇಟಿಂಗ್ ಸಿಸ್ಟಂ ಕೊಟ್ಟದ್ದು.

ಮೇಷ್ಟರ ಕೋಡ್‌ನಲ್ಲಿ ಕೋನಿಯೋ.ಎಚ್, ಡಾಸ್.ಎಚ್, ಅಲಾಕ್.ಎಚ್ ಇದ್ದವು. ಮೂರೂ ಬೋರ್ಲ್ಯಾಂಡ್ ತನ್ನ ಕಂಪೈಲರ್ ಜೊತೆ ಕೊಟ್ಟವು. ವಿದ್ಯಾರ್ಥಿ ಸೇರಿಸಿದ್ದು ಮ್ಯಾಲಕ್.ಎಚ್, ಎರರ್.ಎಚ್, ಯುನಿಸ್ಟ್‌ಡಿ.ಎಚ್. ಇವುಗಳಲ್ಲಿ ಕೊನೆಯದು ಯೂನಿಕ್ಸ್ ಬಗೆಯ ಸಿಸ್ಟಂಗಳ ಗುಣಮಟ್ಟವಾದ ಪೋಸಿಕ್ಸ್‌ನದು, ಮೊದಲಿನ ಎರಡು ಯಾವ ಗುಣಮಟ್ಟಕ್ಕೂ ಸೇರಿದವಲ್ಲ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬ್‌ಗಳಲ್ಲಿ ಟರ್ಬೊ ಸಿ ಅದರ ಆಯುಷ್ಯ ಮುಗಿದ ಮೇಲೂ ಬಹುಕಾಲ ಉಳಿಯಿತು. ಕೋನಿಯೋ.ಎಚ್ ಇಲ್ಲದೆ, ಮೇನ್‌ನ ಕೊನೆಯಲ್ಲಿ ಗೆಟ್‌ಸಿಎಚ್ ಇಲ್ಲದೆ ಸಿ ಪ್ರೋಗ್ರಾಂ ಇರಬಹುದೆಂದು ಒಂದು ಇಡೀ ತಲೆಮಾರಿಗೆ ಯಾರೂ ಹೇಳಲಿಲ್ಲ. ಮೇಷ್ಟರ ಮೇಲೆ ಇದರ ತಪ್ಪು ಹೊರಿಸುವಂತಿಲ್ಲ. ಅವರ ಮುಂದೆ ಇದ್ದದ್ದು ಒಂದೇ ಕಂಪೈಲರ್.

ಲಿನಕ್ಸ್‌ನ ಸಿ ಕಂಪೈಲರ್ ಆದ ಜಿಸಿಸಿಯ ಮೊದಲ ಕೂಗು ಇವುಗಳ ಬಗ್ಗೆ ಅಲ್ಲವೇ ಅಲ್ಲ, ಎಸ್‌ಟಿಡಿಐಓ.ಎಚ್ ಸಿಗುತ್ತಿಲ್ಲ ಎಂದು. ಹೆಸರನ್ನು ಪೂರಾ ದೊಡ್ಡ ಅಕ್ಷರಗಳಲ್ಲಿ ಬರೆದಿದ್ದರು. ಡಾಸ್‌ಗೆ ದೊಡ್ಡಕ್ಷರ ಚಿಕ್ಕಕ್ಷರ ಎರಡೂ ಒಂದೇ, ಲಿನಕ್ಸ್‌ಗೆ ಬೇರೆ. ಮ್ಯಾಕ್‌ನ ಫೈಲ್ ಸಿಸ್ಟಂ ಸಾಮಾನ್ಯವಾಗಿ ಈ ಭೇದ ಮಾಡುವುದಿಲ್ಲ, ಹಾಗಾಗಿ ಅಲ್ಲಿ ಇದೇ ಸಾಲು ದಾಟಿಹೋಗುತ್ತದೆ. ಸ್ವಂತ ಹೆಡರ್‌ಗಳ ದಾರಿಯಲ್ಲಿ ಹಿಮ್ಮುಖ ಓರೆಗೆರೆಗಳಿದ್ದವು. ಎಲ್ಲವನ್ನೂ ಚಿಕ್ಕಕ್ಷರಕ್ಕೆ ಇಳಿಸಿ, ಗೆರೆ ತಿರುಗಿಸಿ, ಮತ್ತೆ ಕಟ್ಟಿದೆ (ಬಿಲ್ಡ್ ಮಾಡಿದೆ).

ಆಗ ಬಂದದ್ದು ಸ್ವಾರಸ್ಯದ ದೋಷ. ಇಂಟ್ ಬಗೆಯ ಅತಿದೊಡ್ಡ ಸಂಖ್ಯೆಯ ಹೆಸರಾದ ಇಂಟ್‌_ಮ್ಯಾಕ್ಸ್ ಯಾರೆಂದೇ ಗೊತ್ತಿಲ್ಲ ಎಂದು ಕಂಪೈಲರ್ ಹೇಳಿತು, ಅದೂ ಲಿಮಿಟ್ಸ್.ಎಚ್ ಸೇರಿಸಿದ ಕಡತದಲ್ಲೇ. ಕಾರಣ ಹುಡುಕಿದರೆ, ಮೇಷ್ಟರು ತಮ್ಮದೇ ಒಂದು ಹೆಡರ್‌ಗೆ ಲಿಮಿಟ್ಸ್ ಎಂದು ಹೆಸರಿಟ್ಟಿದ್ದರು. ಅದರಲ್ಲಿದ್ದದ್ದು ಗರಿಷ್ಠ ಪುಸ್ತಕಗಳ ಸಂಖ್ಯೆ, ಶೀರ್ಷಿಕೆಯ ಉದ್ದ ಇಂಥವು. ದೊಡ್ಡಕ್ಷರದಲ್ಲಿ ಇರುವ ತನಕ ಲಿನಕ್ಸ್‌ನಲ್ಲಿ ಅದು ಬೇರೆ ಹೆಸರು. ಚಿಕ್ಕಕ್ಷರಕ್ಕೆ ಇಳಿಸಿದೊಡನೆ ಭಾಷೆಯ ಹೆಡರ್‌ನ ಹೆಸರೇ ಆಯಿತು. ಮೇಕ್‌ಫೈಲ್‌ನಲ್ಲಿ ಐ ಆಯ್ಕೆಯ ಮೂಲಕ ಇದೇ ಡೈರೆಕ್ಟರಿಯನ್ನು ಹುಡುಕುವ ದಾರಿಗೆ ಸೇರಿಸಿದ್ದರಿಂದ, ಕೋನಾವರಣದ ಇನ್‌ಕ್ಲೂಡ್ ಕೂಡ ಸಿಸ್ಟಂನದನ್ನು ಬಿಟ್ಟು ಇದನ್ನೇ ಎತ್ತಿಕೊಂಡಿತು. ಜಿಸಿಸಿ ಐ ಆಯ್ಕೆಯ ಡೈರೆಕ್ಟರಿಗಳನ್ನು ಸಿಸ್ಟಂ ಡೈರೆಕ್ಟರಿಗಳಿಗಿಂತ ಮೊದಲು ನೋಡುತ್ತದೆ. ಕಡತದ ಹೆಸರನ್ನು ಗ್ರಂಥಮಿತಿ.ಎಚ್ ಎಂದು ಬದಲಿಸಿದೆ. ಜೊತೆಗೆ ಐ ತೆಗೆದು ಐಕೋಟ್ ಹಾಕಿದೆ. ಅದು ಉದ್ಧರಣ ಚಿಹ್ನೆಯ ಇನ್‌ಕ್ಲೂಡ್‌ಗಳಿಗೆ ಮಾತ್ರ ಅನ್ವಯಿಸುತ್ತದೆ. ಸ್ವಂತ ಹೆಡರ್‌ಗಳಿಗೆ ಟೈಮ್, ಸ್ಟ್ರಿಂಗ್, ಎರರ್, ಸರ್ಚ್ ಎಂದೆಲ್ಲ ಹೆಸರಿಡುವವರು ಇದನ್ನು ಒಮ್ಮೆ ಅನುಭವಿಸಿಯೇ ತೀರುತ್ತಾರೆ.

ಪರದೆಯ ಕೆಲಸ

ಕೋನಿಯೋ.ಎಚ್ ತೆಗೆಯುವುದು ಬೇಸರದ ಕೆಲಸವೇ ಹೊರತು ಕಷ್ಟದ್ದಲ್ಲ. ಪರದೆ ಒರೆಸುವುದು, ಕರ್ಸರ್ ಸರಿಸುವುದು, ಒಂದು ಕೀಲಿ ಓದುವುದು, ಈ ಮೂರನ್ನೂ ಪರದೆ.ಸಿ ಎಂಬ ಒಂದೇ ಕಡತಕ್ಕೆ ಹಾಕಿದೆ. ಒರೆಸುವುದಕ್ಕೂ ಸರಿಸುವುದಕ್ಕೂ ಟರ್ಮಿನಲ್‌ಗೆ ಆಜ್ಞೆಯಾಗಿ ಕಳಿಸುವ ಆನ್ಸಿ ಎಸ್ಕೇಪ್ ಸರಣಿಗಳು ಸಾಕು. ಇಲ್ಲಿ ಒಂದು ಗಮನಿಸುವ ಅಂಶ: ಟರ್ಬೊದ ಗೋಟುಎಕ್ಸ್‌ವೈ ಮೊದಲು ಕಂಬಸಾಲನ್ನು, ಆಮೇಲೆ ಅಡ್ಡಸಾಲನ್ನು ತೆಗೆದುಕೊಳ್ಳುತ್ತದೆ; ಎಸ್ಕೇಪ್ ಸರಣಿಯಲ್ಲಿ ಅಡ್ಡಸಾಲು ಮೊದಲು. ಕೀಲಿ ಓದಲು ಪೋಸಿಕ್ಸ್‌ನ ಟರ್ಮಿಯಾಸ್.ಎಚ್.

ವಿಂಡೋಸ್‌ನಲ್ಲಿ ಕೋನಿಯೋ.ಎಚ್ ಇದೆಯಲ್ಲ, ಅಲ್ಲಾದರೂ ಹಾಗೆಯೇ ಬಿಡಬಹುದಿತ್ತೇ? ಬಿಡುವಂತಿಲ್ಲ. ಮೈಕ್ರೋಸಾಫ್ಟ್‌ನ ಕೋನಿಯೋದಲ್ಲಿ ಕೀಲಿ ಓದುವ ಫಂಕ್ಷನ್ ಇದೆ, ಪರದೆ ಒರೆಸುವ ಸಿಎಲ್‌ಆರ್‌ಎಸ್‌ಸಿಆರ್ ಇಲ್ಲ. ಹೆಡರ್ ಸಿಗಲಿಲ್ಲ ಎಂದು ಕಂಪೈಲರ್ ನಿಂತುಬಿಟ್ಟರೆ ನಾನು ನಿಶ್ಚಿಂತ, ಏಕೆಂದರೆ ಎಲ್ಲಿ ತಿದ್ದಬೇಕೆಂದು ಅದೇ ತೋರಿಸಿರುತ್ತದೆ. ಭಯವಿರುವುದು ಅದೇ ಹೆಸರಿನ, ಆದರೆ ಒಳಗೆ ಬೇರೆಯೇ ಸರಕಿರುವ ಹೆಡರ್ ಬಗ್ಗೆ.

ದಿನಾಂಕಕ್ಕೆ ಬಳಸಿದ್ದ ಗೆಟ್‌ಡೇಟ್ ಇದಕ್ಕೆ ಒಳ್ಳೆಯ ಉದಾಹರಣೆ. ಬೋರ್ಲ್ಯಾಂಡ್‌ನ ಡಾಸ್.ಎಚ್‌ನಲ್ಲಿ ಅದು ದಿನಾಂಕದ ಸ್ಟ್ರಕ್ಟ್ (ಹಲವು ಅಂಗಗಳ ಕಟ್ಟು) ತುಂಬಿಸಿಕೊಡುತ್ತದೆ. ಪೋಸಿಕ್ಸ್‌ನ ಟೈಮ್.ಎಚ್‌ನಲ್ಲೂ ಗೆಟ್‌ಡೇಟ್ ಇದೆ; ಅದು ಪಠ್ಯವೊಂದನ್ನು ತೆಗೆದುಕೊಂಡು ಅರ್ಥೈಸುವ ಬೇರೆಯೇ ಪ್ರಾಣಿ. ಎರಡನ್ನೂ ಬಿಟ್ಟು ಟೈಮ್ ಮತ್ತು ಲೋಕಲ್‌ಟೈಮ್‌ಗೆ ಬಂದೆ. ಬೋರ್ಲ್ಯಾಂಡ್‌ನಲ್ಲಿ ವರ್ಷ ಪೂರ್ತಿ ಇರುತ್ತದೆ, ತಿಂಗಳು 1ರಿಂದ ಶುರು. ಗುಣಮಟ್ಟದ ಸ್ಟ್ರಕ್ಟ್‌ನಲ್ಲಿ ವರ್ಷಕ್ಕೆ 1900 ಕೂಡಬೇಕು, ತಿಂಗಳು ಸೊನ್ನೆಯಿಂದ ಶುರು.

ಸ್ಟ್ರ್‌ಡಪ್ ಪ್ರಕರಣ

ಇಷ್ಟಾದ ಮೇಲೆ ಲಿನಕ್ಸ್ ವಿತರಣೆಯಾದ ಡೆಬಿಯನ್ 12ರಲ್ಲಿ ಪ್ರೋಗ್ರಾಂ ಕಟ್ಟಿತು, ಒಂದೂ ಎಚ್ಚರಿಕೆಯಿಲ್ಲದೆ. ಓಡಿಸಿದರೆ ವಿಷಯಪಟ್ಟಿ ತೆರೆಯುವಾಗಲೇ ಸೆಗ್ಮೆಂಟೇಶನ್ ಫಾಲ್ಟ್, ಅಂದರೆ ತನ್ನದಲ್ಲದ ಮೆಮೊರಿ ಮುಟ್ಟಿ ಪ್ರೋಗ್ರಾಂ ಸತ್ತಿತು. ವಿದ್ಯಾರ್ಥಿಯ ಯಂತ್ರದಲ್ಲಿ ಇದೇ ಭಾಗ ಸರಾಗವಾಗಿ ಓಡಿತ್ತು, ಅವರು ತೆಗೆದಿಟ್ಟ ಪರದೆಯ ಚಿತ್ರವೂ ಕಡತಗಳ ನಡುವೆ ಇತ್ತು.

ಪ್ರೋಗ್ರಾಂನ ಒಳಗನ್ನು ತೋರಿಸುವ ಜಿಡಿಬಿ ಹಾಕಿ ನೋಡಿದೆ. ಸಾಲನ್ನು ನಕಲು ಮಾಡುವ ಸ್ಟ್ರ್‌ಡಪ್‌ನಿಂದ ಹಿಂತಿರುಗಿದ ಕ್ಷಣದಲ್ಲಿ ರಿಜಿಸ್ಟರ್‌ನಲ್ಲಿದ್ದ ವಿಳಾಸ, ಹದಿನಾರರ ಎಣಿಕೆಯಲ್ಲಿ, 559412803260. ಮುಂದಿನ ಒಂದೇ ಸೂಚನೆ ಸಿಎಲ್‌ಟಿಕ್ಯು. ಅದು ದಾಟಿದ ಮೇಲೆ ವಿಳಾಸ 12803260. ತಲೆಯ ಕಡೆಯ 5594 ಉದುರಿಹೋಗಿತ್ತು. ಆ ಸೂಚನೆಯ ಕೆಲಸ, 32 ಬಿಟ್‌ನ ಪೂರ್ಣಾಂಕವನ್ನು ಚಿಹ್ನೆ ಸಮೇತ 64 ಬಿಟ್‌ಗೆ ಹಿಗ್ಗಿಸುವುದು. ಕೆಳಗಿನ ಅರ್ಧದ ಮೇಲ್ತುದಿಯ ಬಿಟ್ 1 ಆಗಿದ್ದರೆ ಮುಂದೆ ಸೊನ್ನೆಗಳ ಬದಲು ಎಂಟು ಎಫ್‌ಗಳು ತುಂಬುತ್ತವೆ. ಎರಡು ಬಗೆಯಲ್ಲೂ ವಿಳಾಸ ಹಾಳೇ.

ಪಾಯಿಂಟರ್, ಅಂದರೆ ಮೆಮೊರಿಯ ವಿಳಾಸ, ಹಿಂತಿರುಗಿಸುವ ಫಂಕ್ಷನ್‌ಗೆ ಕಂಪೈಲರ್ ಪೂರ್ಣಾಂಕದ ಉಪಚಾರ ಮಾಡಿದ್ದೇಕೆ? ಸ್ಟ್ರಿಂಗ್.ಎಚ್ ಸೇರಿಸಿಯೇ ಇತ್ತು. ಆದರೆ ಮೇಕ್‌ಫೈಲ್‌ನಲ್ಲಿ ಎಸ್‌ಟಿಡಿ=ಸಿ99 ಎಂಬ ಆಯ್ಕೆಯೂ ಇತ್ತು. ಸ್ಟ್ರ್‌ಡಪ್ ಸಿ99ರ ಫಂಕ್ಷನ್ ಅಲ್ಲ, ಪೋಸಿಕ್ಸ್‌ನದು; ಸಿ ಗುಣಮಟ್ಟಕ್ಕೆ ಅದು ಸೇರಿದ್ದು ಸಿ23ರಲ್ಲಿ. ಕಟ್ಟುನಿಟ್ಟು ಸಿ99 ಕೇಳಿದರೆ ಡೆಬಿಯನ್ ಬಳಸುವ ಸಿ ಲೈಬ್ರರಿಯಾದ ಜಿಲಿಬ್‌ಸಿ ತನ್ನ ಸ್ಟ್ರಿಂಗ್.ಎಚ್‌ನಲ್ಲಿರುವ ಆ ಘೋಷಣೆಯನ್ನು ಮರೆಮಾಡುತ್ತದೆ. ಘೋಷಣೆ ಕಾಣದ ಫಂಕ್ಷನ್ ಪೂರ್ಣಾಂಕ ಹಿಂತಿರುಗಿಸುತ್ತದೆ ಎಂಬುದು ಹಳೆಯ ಸಿಯ ನಿಯಮ. ಸಿ99 ಆ ನಿಯಮವನ್ನು ತೆಗೆದುಹಾಕಿದ್ದರೂ ಜಿಸಿಸಿ ಬಹುಕಾಲ ಬರೀ ಎಚ್ಚರಿಸಿ ಬಿಟ್ಟುಬಿಡುತ್ತಿತ್ತು. 2024ರ ಜಿಸಿಸಿ 14ರಿಂದ ಅದು ದೋಷ. ಇನ್ನೊಂದು ಕಂಪೈಲರ್ ಆದ ಕ್ಲ್ಯಾಂಗ್‌ನಲ್ಲಿ 16ನೆಯ ಆವೃತ್ತಿಯಿಂದಲೂ ಹಾಗೆಯೇ. ನನ್ನ ಡೆಬಿಯನ್‌ನದು ಜಿಸಿಸಿ 12, ಎಚ್ಚರಿಕೆಯ ಕಾಲದ್ದು. ಆ ಎಚ್ಚರಿಕೆ ನನಗೆ ಕಾಣದ್ದಕ್ಕೆ ಮೇಕ್‌ಫೈಲ್‌ನ ಇನ್ನೊಂದು ಆಯ್ಕೆ ಕಾರಣ: ಚಿಕ್ಕ ಡಬ್ಲ್ಯು, ಎಲ್ಲ ಎಚ್ಚರಿಕೆಗಳ ಬಾಯಿ ಮುಚ್ಚಿಸುವಂಥದ್ದು. ಸ್ಟ್ರ್‌ಡಪ್‌ನ ಮುಂದೆ ಕ್ಯಾರ್ ಪಾಯಿಂಟರ್‌ಗೆ ಕಾಸ್ಟ್ (ಬಗೆ ಬದಲಿಸುವ ಸೂಚನೆ) ಬೇರೆ ಹಾಕಿದ್ದರು.

ಮ್ಯಾಲಕ್‌ಗೆ ಇದೇ ಗತಿ ಬರುವುದಿಲ್ಲವೇ ಎಂದರೆ, ಜಿಸಿಸಿಗೆ ಮ್ಯಾಲಕ್ ಮೊದಲೇ ಪರಿಚಿತ. ಘೋಷಣೆ ಕಾಣದಿದ್ದರೂ ಗೊಣಗಿ, ತನಗೆ ಗೊತ್ತಿರುವ ಸರಿಯಾದ ಬಗೆಯನ್ನೇ ಹಚ್ಚಿಕೊಳ್ಳುತ್ತದೆ. ಕಟ್ಟುನಿಟ್ಟು ಸಿ99ರಲ್ಲಿ ಸ್ಟ್ರ್‌ಡಪ್‌ಗೆ ಆ ಪರಿಚಯದ ಲಾಭವಿಲ್ಲ.

ಹಾಗಾದರೆ ವಿದ್ಯಾರ್ಥಿಯ 64 ಬಿಟ್ ಯಂತ್ರದಲ್ಲಿ ಓಡಿದ್ದು ಹೇಗೆ? ಇದೇ ನನಗೆ ಈ ರಿಪೇರಿಯ ಅತಿ ರುಚಿಯಾದ ತುಣುಕು. ಆಗಿನ ವಿತರಣೆಗಳು ಪ್ರೋಗ್ರಾಂಗಳನ್ನು ನಿಗದಿತ ವಿಳಾಸಕ್ಕೆ ಕಟ್ಟುತ್ತಿದ್ದವು. ಪ್ರೋಗ್ರಾಂ ಮೆಮೊರಿಯ ತಳಭಾಗದಲ್ಲಿ ಕೂರುತ್ತಿತ್ತು, ಮ್ಯಾಲಕ್, ಸ್ಟ್ರ್‌ಡಪ್ ಮೆಮೊರಿ ಪಡೆಯುವ ಹೀಪ್ ಅದರ ಬೆನ್ನಿಗೇ ಇರುತ್ತಿತ್ತು. ಅಲ್ಲಿಯ ವಿಳಾಸಗಳು ಎಷ್ಟು ಚಿಕ್ಕವೆಂದರೆ 32 ಬಿಟ್‌ಗೆ ಕತ್ತರಿಸಿದರೂ ಏನೂ ಕಳೆಯುವುದಿಲ್ಲ, ಕತ್ತರಿಸಿದ್ದು ತಿಳಿಯುವುದೂ ಇಲ್ಲ. ಮುಂದೆ ಡೆಬಿಯನ್ 9, ಉಬುಂಟು 16.10ರ ಹೊತ್ತಿಗೆ, ಎಲ್ಲಿ ಬೇಕಾದರೂ ಕೂರಬಲ್ಲ ಪಿಐಇ ಮಾದರಿಯ ಕಟ್ಟಣೆ (ಇದನ್ನೂ ಪೈ ಎಂದೇ ಕರೆಯುತ್ತಾರೆ, ರಾಸ್ಪ್‌ಬೆರಿ ಪೈಗೂ ಇದಕ್ಕೂ ಸಂಬಂಧವಿಲ್ಲ) ರೂಢಿಯಾಯಿತು. ಅದರೊಡನೆ ಹೀಪ್ ಕೂಡ ಮೇಲಕ್ಕೆ ಏರಿತು. ಖಚಿತಪಡಿಸಿಕೊಳ್ಳಲು ನೋ‌ಪೈ ಆಯ್ಕೆ ಹಾಕಿ ಮತ್ತೆ ಕಟ್ಟಿದೆ. ಅದೇ ಕೋಡ್, ಒಂದು ಅಕ್ಷರ ಬದಲಿಸದೆ, ಚೆನ್ನಾಗಿ ಓಡಿತು. ಕೋಡ್ ಮೊದಲಿನಿಂದಲೂ ಕೆಟ್ಟಿತ್ತು, ವಿಳಾಸಗಳ ದಾಕ್ಷಿಣ್ಯದಿಂದ ಬದುಕಿತ್ತು.

ಸುಲಭದ ಪರಿಹಾರ ಎಸ್‌ಟಿಡಿ=ಸಿ99 ತೆಗೆದುಬಿಡುವುದು. ತೆಗೆದೆ. ಸ್ಟ್ರ್‌ಡಪ್ ಸರಿಹೋಯಿತು, ಚೌಕಟ್ಟು ಬಿಡಿಸುವ ಕಡತ ಕೆಟ್ಟಿತು: ವೈ1 ಎಂಬುದನ್ನು ಬೇರೆ ಬಗೆಯ ಹೆಸರಾಗಿ ಮತ್ತೆ ಘೋಷಿಸಲಾಗಿದೆ ಎಂಬ ದೋಷ. ಮೇಷ್ಟರು ಚೌಕಟ್ಟಿನ ಮೂಲೆಗಳಿಗೆ ಎಕ್ಸ್1, ವೈ1, ಎಕ್ಸ್2, ವೈ2 ಎಂದು ಗ್ಲೋಬಲ್ ಚರಗಳನ್ನು ಇಟ್ಟಿದ್ದರು. ಮ್ಯಾಥ್.ಎಚ್‌ನಲ್ಲಿ ವೈ1 ಎಂಬ ಫಂಕ್ಷನ್ ಇದೆ, ಗಣಿತದ ಬೆಸೆಲ್ ಫಂಕ್ಷನ್‌ಗಳಲ್ಲಿ ಒಂದು. ಕಟ್ಟುನಿಟ್ಟು ಸಿ99ರಲ್ಲಿ ಅದೂ ಮರೆಯಾಗಿತ್ತು. ಆಯ್ಕೆ ತೆಗೆದೊಡನೆ ಸ್ಟ್ರ್‌ಡಪ್ ಜೊತೆಗೆ ಅದೂ ಹೊರಬಂತು. ಗ್ರಂಥಾಲಯದ ಪರದೆಗೆ ಚೌಕ ಬರೆಯುವವನಿಗೆ ಬೆಸೆಲ್ ಅಡ್ಡ ಬರುತ್ತಾನೆಂದು ಯಾರು ತಾನೇ ಎಣಿಸುತ್ತಾರೆ?

ಆದ್ದರಿಂದ ಸಿ99 ಉಳಿಸಿಕೊಂಡು, ಬೇಕಾದದ್ದನ್ನು ಬಾಯಿಬಿಟ್ಟು ಕೇಳುವ ದಾರಿ ಹಿಡಿದೆ. ಪೋಸಿಕ್ಸ್_ಸಿ_ಸೋರ್ಸ್ ಎಂಬ ಮ್ಯಾಕ್ರೊಗೆ 200809 ಎಂಬ ಬೆಲೆ ಕೊಟ್ಟರೆ 2008ರ ಪೋಸಿಕ್ಸ್ ಕೊಡು ಎಂದು ಅರ್ಥ. ಇದನ್ನು ಮೊದಲ ಇನ್‌ಕ್ಲೂಡ್‌ಗಿಂತ ಮುಂಚೆ ಹೇಳಬೇಕು. ಯಾವುದಾದರೂ ಒಂದು ಹೆಡರ್ ಒಳಬಂದ ಮೇಲೆ ಜಿಲಿಬ್‌ಸಿ ತನ್ನ ತೀರ್ಮಾನ ಮಾಡಿಮುಗಿಸಿರುತ್ತದೆ, ಆಮೇಲೆ ಹೇಳಿದ್ದನ್ನು ಕೇಳಿಸಿಕೊಳ್ಳುವುದಿಲ್ಲ. ಒಂದೊಂದು ಕಡತದ ತಲೆಯಲ್ಲೂ ಬರೆಯುವ ಬದಲು ಮೇಕ್‌ಫೈಲ್‌ನಲ್ಲೇ ಡಿ ಆಯ್ಕೆಯಿಂದ ಹಾಕಿದೆ. ಮ್ಯಾಕ್‌ನಲ್ಲೂ ಫ್ರೀಬಿಎಸ್‌ಡಿಯಲ್ಲೂ ಈ ಮ್ಯಾಕ್ರೊದ ನಡತೆ ತಲೆಕೆಳಗು: ಏನೂ ಹೇಳದಿದ್ದರೆ ಎಲ್ಲವೂ ಕಾಣುತ್ತದೆ, ಹೇಳಿದರೆ ಪೋಸಿಕ್ಸ್ ಅಲ್ಲದ್ದು ಮರೆಯಾಗುತ್ತದೆ. ವೈ1ರ ಹೆಸರನ್ನಂತೂ ಬದಲಿಸಿಯೇ ಬಿಟ್ಟೆ. ಡಬ್ಲ್ಯು ಆಯ್ಕೆ ಕಿತ್ತು ವಾಲ್, ಎಕ್ಸ್‌ಟ್ರಾ, ಪೆಡಾಂಟಿಕ್ ಮೂರನ್ನೂ ಹಚ್ಚಿದೆ. ಪರದೆ ತುಂಬ ಎಚ್ಚರಿಕೆಗಳು ಹರಿದವು. ಅವನ್ನು ತೀರಿಸುವುದರಲ್ಲೇ ಅರ್ಧ ರಿಪೇರಿ ಮುಗಿಯಿತು.

ಮಸಲ್ ಎಂಬ ಕಟ್ಟುನಿಟ್ಟಿನ ಮಾಲೀಕ

ಗ್ರಂಥಾಲಯಕ್ಕೆ ಆಲ್ಪೈನ್ ಲಿನಕ್ಸ್ ಬೇಕಿರಲಿಲ್ಲ. ಆದರೂ ಒಂದು ಕಂಟೇನರ್‌ನಲ್ಲಿ ಅದನ್ನು ತೆರೆದು ಕಟ್ಟಿದೆ, ಏಕೆಂದರೆ ಅದರ ಸಿ ಲೈಬ್ರರಿ ಮಸಲ್. ಕೇಳದ್ದನ್ನು ಕೊಡುವ ಔದಾರ್ಯ ಅದಕ್ಕೆ ಕಡಿಮೆ.

ಎರರ್.ಎಚ್ ಅಲ್ಲಿ ಇಲ್ಲವೇ ಇಲ್ಲ. ಅದು ಜಿಲಿಬ್‌ಸಿಯ ಸ್ವಂತ ಸರಕು. ಎರ್ನೋ.ಎಚ್‌ನ ತಮ್ಮನೆಂಬಂತೆ ಕಾಣುವುದರಿಂದ ಗುಣಮಟ್ಟದ್ದೆಂದು ಜನ ನಂಬುತ್ತಾರೆ. ಸ್ಟ್ರ್‌ಎರರ್ ಮತ್ತು ಎಫ್‌ಪ್ರಿಂಟ್‌ಎಫ್ ಸೇರಿಸಿ ನಾಲ್ಕು ಸಾಲಿನ ಸ್ವಂತ ಫಂಕ್ಷನ್ ಬರೆದೆ. ಮಸಲ್‌ನಲ್ಲಿ ಹಲವರು ಎಡವುವ ಇನ್ನೊಂದು ಕಲ್ಲು ಯುಇಂಟ್ ಎಂಬ ಬಗೆ. ಟೈಪ್‌ಡೆಫ್ ಮಾಡದೆಯೇ ಅದನ್ನು ಬಳಸಿರುತ್ತಾರೆ. ಜಿಲಿಬ್‌ಸಿಯ ಎಸ್‌ಟಿಡಿಲಿಬ್.ಎಚ್ ರೂಢಿಯ ಸ್ಥಿತಿಯಲ್ಲಿ ಸಿಸ್‌/ಟೈಪ್ಸ್.ಎಚ್ ಅನ್ನು ತಾನಾಗಿ ಒಳಗೆಳೆದುಕೊಳ್ಳುತ್ತದೆ, ಯುಇಂಟ್ ಇರುವುದು ಅದರೊಳಗೆ. 16 ಬಿಟ್‌ನ ಚಿಹ್ನೆಸಹಿತ (ಋಣ ಸಂಖ್ಯೆಯನ್ನೂ ಹಿಡಿಯುವ) ಬಗೆಯೂ ಇದೇ ಹಿಂಬಾಗಿಲಿನಿಂದ ಸಿಕ್ಕಿಬಿಡುತ್ತದೆ, ಚಿಹ್ನೆರಹಿತದ್ದು ಸಿಗುವುದಿಲ್ಲ. ಅದು ಬೇಕಾದಾಗಷ್ಟೇ ಜನಕ್ಕೆ ಎಸ್‌ಟಿಡಿಇಂಟ್.ಎಚ್ ನೆನಪಾಗುತ್ತದೆ. ಯಾವ ಕಡತದಲ್ಲಿ ಯಾವ ಹೆಸರು ಬಳಸಿದೆಯೋ ಅದರ ಸರಿಯಾದ ಹೆಡರ್ ಅನ್ನು ಆ ಕಡತದಲ್ಲೇ ಸೇರಿಸುತ್ತ ಹೋದೆ.

ಮಸಲ್ ಅನ್ನು ಗುರುತಿಸುವ ಮ್ಯಾಕ್ರೊ ಇಲ್ಲ, ಬೇಕೆಂದೇ ಕೊಟ್ಟಿಲ್ಲ. ಲೈಬ್ರರಿಯ ಹೆಸರು ಕೇಳಿ ಕವಲೊಡೆಯುವ ಬದಲು ಬೇಕಾದ ಸೌಲಭ್ಯ ಇದೆಯೇ ಎಂದು ನೋಡಿ ಎಂಬುದು ಮಸಲ್ ಬರೆದವರ ವಾದ. ನನಗೆ ಅದು ಸರಿಯೆನಿಸುತ್ತದೆ, ಸಿಟ್ಟು ಬಂದ ಗಳಿಗೆಗಳನ್ನು ಬಿಟ್ಟು.

ಸ್ನೇಹಿತರ ಮ್ಯಾಕ್‌ನಲ್ಲಿ ಮ್ಯಾಲಕ್.ಎಚ್ ಸಿಗಲಿಲ್ಲ, ಅಲ್ಲಿ ಅದು ಮ್ಯಾಲಕ್ ಎಂಬ ಡೈರೆಕ್ಟರಿಯೊಳಗೆ ಇರುತ್ತದೆ. ಹೆಡರ್ ಇದ್ದರೆ ಮಾತ್ರ ಸೇರಿಸು ಎಂದು ಹ್ಯಾಸ್‌_ಇನ್‌ಕ್ಲೂಡ್ ಹಾಕೋಣವೇ ಎಂದು ಅವರು ಕೇಳಿದರು. ಈಗಿನ ಕಂಪೈಲರ್‌ಗಳೆಲ್ಲ ಅದನ್ನು ಬಲ್ಲವು, ಸಿ23ರಲ್ಲಿ ಗುಣಮಟ್ಟಕ್ಕೂ ಸೇರಿದೆ. ಆದರೆ ಫ್ರೀಬಿಎಸ್‌ಡಿಯಲ್ಲಿ ಮ್ಯಾಲಕ್.ಎಚ್ ಎಂಬ ಕಡತ ಇದೆ. ಒಳಗಿರುವುದು, ಇದರ ಬದಲು ಎಸ್‌ಟಿಡಿಲಿಬ್.ಎಚ್ ಬಳಸಿ ಎಂಬ ದೋಷದ ಸಂದೇಶ. ಇದೆಯೇ ಎಂದರೆ ಇದೆ ಎಂಬ ಉತ್ತರ, ಸೇರಿಸಿದರೆ ಕಟ್ಟಡ ಕುಸಿತ. ಮ್ಯಾಲಕ್‌ನ ಘೋಷಣೆ 1989ರಿಂದಲೂ ಎಸ್‌ಟಿಡಿಲಿಬ್.ಎಚ್‌ನಲ್ಲಿದೆ. ಅಲಾಕ್.ಎಚ್, ಮ್ಯಾಲಕ್.ಎಚ್ ಎರಡು ಸಾಲುಗಳನ್ನೂ ಅಳಿಸಿದೆ, ಅಷ್ಟೆ. ಹಾಗೆಯೇ, ಎಸ್‌ಟಿಡಿಲಿಬ್.ಎಚ್ ಇದೆಯೇ ಎಂದು ಪರೀಕ್ಷಿಸುವ ಹಳೆಯ ಕಾನ್ಫಿಗರ್ ಸ್ಕ್ರಿಪ್ಟ್‌ಗಳನ್ನು ಇಂದಿಗೂ ನಕಲು ಮಾಡುವವರಿದ್ದಾರೆ. ಅದಿಲ್ಲದ ಯಂತ್ರದಲ್ಲಿ ಇವರ ಪ್ರೋಗ್ರಾಂ ಹೇಗೂ ಕಟ್ಟುವುದಿಲ್ಲ.

122 ಬೈಟ್

ದತ್ತಾಂಶದ ಕಡತದಲ್ಲಿ ಒಂದೊಂದು ಪುಸ್ತಕಕ್ಕೂ ಒಂದು ಸ್ಟ್ರಕ್ಟ್ ಅನ್ನು ಇದ್ದ ಹಾಗೆಯೇ ಬರೆದಿದ್ದರು: ಕ್ರಮಸಂಖ್ಯೆ ಇಂಟ್, ಶೀರ್ಷಿಕೆಗೆ 61 ಕ್ಯಾರ್, ಲೇಖಕರಿಗೆ 41, ವರ್ಗಸಂಖ್ಯೆಗೆ 13, ಬೆಲೆ ಪೈಸೆಯಲ್ಲಿ ಲಾಂಗ್, ಕೊನೆಗೆ ಪುಸ್ತಕ ಹೊರಗಿದೆಯೇ ಎಂಬ ಒಂದು ಕ್ಯಾರ್. ಟರ್ಬೊ ಸಿಯಲ್ಲಿ ಇಂಟ್ ಎಂದರೆ 2 ಬೈಟ್, ಲಾಂಗ್ 4, ರೂಢಿಯಲ್ಲಿ ನಡುವೆ ಖಾಲಿ ಜಾಗ ಬಿಡುವುದಿಲ್ಲ, ಒಟ್ಟು 122. ಕಡತದ ಗಾತ್ರ 122ರಿಂದ ಶೇಷವಿಲ್ಲದೆ ಭಾಗವಾಯಿತು. ನೆಮ್ಮದಿ.

ಅದೇ ಸ್ಟ್ರಕ್ಟ್ ನನ್ನ ಲ್ಯಾಪ್‌ಟಾಪ್‌ನ ಲಿನಕ್ಸ್‌ನಲ್ಲಿ 136 ಬೈಟ್. ಲಾಂಗ್ 4 ಬೈಟ್ ಆಗಿಯೇ ಉಳಿದ 64 ಬಿಟ್ ವಿಂಡೋಸ್‌ನಲ್ಲಿ 128. ಎಸ್‌ಟಿಡಿಇಂಟ್.ಎಚ್‌ನ 16 ಮತ್ತು 32 ಬಿಟ್‌ನ ನಿಖರ ಬಗೆಗಳನ್ನು ಹಾಕಿದರೆ ಸರಿಹೋಗುತ್ತದೆಂದು ಹಲವರು ನಂಬುತ್ತಾರೆ. ಹಾಕಿ ಅಳೆದರೆ ಲಿನಕ್ಸ್‌ನಲ್ಲೂ 128: ಬೆಲೆಯನ್ನು ನಾಲ್ಕರ ಗುಣಕದ ಜಾಗದಲ್ಲಿ ಕೂರಿಸಲು ಮುಂದೆ 3 ಬೈಟ್, ಕೊನೆಗೆ ಇನ್ನೂ 3 ಬೈಟ್ ಖಾಲಿ. ಆ ಹೆಡರ್ ಅಂಗಗಳ ಅಗಲಕ್ಕೆ ಹೊಣೆ, ಅವುಗಳ ನಡುವಿನ ಅಂತರಕ್ಕಲ್ಲ.

ನಡುವೆ ಖಾಲಿ ಜಾಗ ಬಿಡಬೇಡ ಎನ್ನುವ ಪ್ಯಾಕ್ಡ್ ಎಂಬ ಜಿಸಿಸಿಯ ಗುಣವಾಚಕ ಹಚ್ಚಬಹುದಿತ್ತು. ಅದು ಮತ್ತೊಂದು ಕಂಪೈಲರ್‌ನ ಋಣ. 122 ಬೈಟನ್ನು ಚಿಹ್ನೆರಹಿತ ಕ್ಯಾರ್‌ಗಳ ಬಫರ್‌ಗೆ ಓದಿ, ಒಂದೊಂದು ಅಂಗವನ್ನೂ ಕೈಯಾರೆ ಬಿಡಿಸಿದೆ. ಕ್ರಮಸಂಖ್ಯೆಗೆ ಮೊದಲ ಬೈಟ್, ಎರಡನೆಯದನ್ನು 8 ಬಿಟ್ ಎಡಕ್ಕೆ ಸರಿಸಿ ಕೂಡಿಸಿದ್ದು. ಬೆಲೆಗೆ ನಾಲ್ಕು ಬೈಟ್. ಇಲ್ಲಿ 24 ಬಿಟ್ ಸರಿಸುವ ಮೊದಲು ಚಿಹ್ನೆರಹಿತ 32 ಬಿಟ್‌ಗೆ ಬದಲಿಸಿಕೊಳ್ಳಬೇಕು. ಇದರಿಂದ ಬೈಟ್‌ಗಳ ಕ್ರಮ ನೋಡಿಕೊಳ್ಳುವ ಎಂಡಿಯನ್.ಎಚ್‌ನ ಗೊಡವೆಯೂ ತಪ್ಪಿತು. ಆ ಹೆಡರ್ ಜಿಲಿಬ್‌ಸಿಯಲ್ಲಿ ಒಂದು ಕಡೆ, ಬಿಎಸ್‌ಡಿಗಳಲ್ಲಿ ಸಿಸ್ ಡೈರೆಕ್ಟರಿಯೊಳಗೆ, ಮ್ಯಾಕ್‌ನಲ್ಲಿ ಮತ್ತೊಂದು ಹೆಸರಿನಲ್ಲಿ ಎಂದು ಅಲೆದಾಡಿ, ಕೊನೆಗೆ 2024ರ ಪೋಸಿಕ್ಸ್‌ಗೆ ಸೇರಿತು.

ಕನ್ನಡದ ಬೈಟ್‌ಗಳು

ಪೈಯಲ್ಲಿ ಕಟ್ಟಿ ಓಡಿಸಿದಾಗ ವಿಷಯಪಟ್ಟಿ ಓದುವ ಕಡೆ ಪ್ರೋಗ್ರಾಂ ನಿಂತುಬಿಟ್ಟಿತು. ಫಾಲ್ಟ್ ಇಲ್ಲ, ಸಂದೇಶ ಇಲ್ಲ, ಪ್ರೊಸೆಸರ್ ಮಾತ್ರ ನೂರಕ್ಕೆ ನೂರು ದುಡಿಯುತ್ತಿತ್ತು. ಗೆಟ್‌ಸಿ ಕೊಟ್ಟದ್ದನ್ನು ಕ್ಯಾರ್ ಚರವೊಂದರಲ್ಲಿ ಹಿಡಿದು ಕಡತ ಮುಗಿಯಿತೆಂಬ ಗುರುತಾದ ಇಓಎಫ್ ಜೊತೆ ಹೋಲಿಸುವ ಸಾಲು ಅದು. ಗೆಟ್‌ಸಿ ಹಿಂತಿರುಗಿಸುವುದು ಇಂಟ್, ಇಓಎಫ್ ಒಂದು ಋಣ ಸಂಖ್ಯೆ. ಇಂಟೆಲ್ ಲಿನಕ್ಸ್‌ನಲ್ಲಿ ಬರೀ ಕ್ಯಾರ್ ಎಂದರೆ ಚಿಹ್ನೆಸಹಿತ, ಆರ್ಮ್ ಲಿನಕ್ಸ್‌ನಲ್ಲಿ ಚಿಹ್ನೆರಹಿತ. ಚಿಹ್ನೆರಹಿತದಲ್ಲಿ −1 ಎಂಬುದು 255 ಆಗಿ ಉಳಿಯುತ್ತದೆ, ಇಓಎಫ್‌ಗೆ ಎಂದೂ ಸಮವಾಗುವುದಿಲ್ಲ, ಕಡತ ಮುಗಿದರೂ ಲೂಪ್ ಮುಗಿಯುವುದಿಲ್ಲ. ಇಂಟೆಲ್‌ನಲ್ಲಿ ಇದರ ಉಲ್ಟಾ ಅಪಾಯವಿದೆ: ಕಡತದಲ್ಲಿ 255 ಬೈಟ್ ಬಂದರೆ ಅಲ್ಲಿಗೇ ಓದು ನಿಲ್ಲುತ್ತದೆ. ಇಸ್ಕಿಯ ಅಕ್ಷರಗಳು 161ರಿಂದ 250ರೊಳಗೆ ಇರುವುದರಿಂದ ಮೇಷ್ಟರಿಗೆ ಆ ಪೆಟ್ಟು ಬೀಳಲಿಲ್ಲ. ಕ್ಯಾರ್ ಅನ್ನು ಇಂಟ್ ಮಾಡಿದೆ. ಹೊಸ ಮ್ಯಾಕ್‌ಗಳೂ ಆರ್ಮ್ ಅಲ್ಲವೇ, ಅಲ್ಲೇಕೆ ನಿಲ್ಲಲಿಲ್ಲ ಎಂದು ಕೇಳಬಹುದು. ಆಪಲ್ ತನ್ನ ಆರ್ಮ್‌ನಲ್ಲಿ ಕ್ಯಾರ್ ಅನ್ನು ಚಿಹ್ನೆಸಹಿತವಾಗಿಯೇ ಇಟ್ಟಿದೆ.

ಇಷ್ಟು ಕಂಡ ಮೇಲೆ, ಅಕ್ಷರ ಯಾವ ಬಗೆಯದೆಂದು ಪರೀಕ್ಷಿಸುವ ಸಿಟೈಪ್.ಎಚ್ ಬಳಸಿದ ಕಡೆಗಳನ್ನೆಲ್ಲ ಒಂದೊಂದಾಗಿ ನೋಡಿದೆ. ಕನ್ನಡ ಎಂಬ ಪದ ಇಸ್ಕಿಯಲ್ಲಿ ಐದು ಬೈಟ್: 179, 198, 232, 198, 191. ನಡುವಿನ 232 ಅರ್ಧಾಕ್ಷರದ ಚಿಹ್ನೆ. ಚಿಹ್ನೆಸಹಿತ ಕ್ಯಾರ್‌ನಲ್ಲಿ 179 ಎಂಬುದು −77. ಹೆಸರಿನ ಬಾಲದ ಕಸ ಒರೆಸಲು ಮೇಷ್ಟರು ಇದನ್ನು ನೇರವಾಗಿ, ನಿಯಂತ್ರಣಾಕ್ಷರವೇ ಎಂದು ನೋಡುವ ಐಎಸ್‌ಸಿಎನ್‌ಟಿಆರ್‌ಎಲ್‌ಗೆ ಕೊಟ್ಟಿದ್ದರು. ಗುಣಮಟ್ಟದ ಪ್ರಕಾರ ಸಿಟೈಪ್ ಫಂಕ್ಷನ್‌ಗಳಿಗೆ ಕೊಡಬಹುದಾದದ್ದು ಚಿಹ್ನೆರಹಿತ ಕ್ಯಾರ್‌ನ ಬೆಲೆ ಅಥವಾ ಇಓಎಫ್ ಮಾತ್ರ. ಟರ್ಬೊದಲ್ಲಿ ಇದು ಕೋಷ್ಟಕಕ್ಕೆ ಕೈಹಾಕುವ ಮ್ಯಾಕ್ರೊ. −77 ಕೊಟ್ಟರೆ ಕೋಷ್ಟಕದ ಹಿಂದಿರುವ ಮೆಮೊರಿಯಲ್ಲಿ ಏನಿದೆಯೋ ಅದೇ ಉತ್ತರ. ಜಿಲಿಬ್‌ಸಿ ಇಂಥ ಕೋಡ್ ಬಹಳವಿದೆಯೆಂದು ತಿಳಿದೇ ತನ್ನ ಕೋಷ್ಟಕವನ್ನು −128ರವರೆಗೆ ಹಿಂದಕ್ಕೆ ಚಾಚಿದೆ. ಮಸಲ್‌ನಲ್ಲಿ ಇದಕ್ಕೆ ಕೋಷ್ಟಕವೇ ಇಲ್ಲ, ಸಂಖ್ಯೆಗಳ ಹೋಲಿಕೆ ಅಷ್ಟೆ. ಮೈಕ್ರೋಸಾಫ್ಟ್‌ನ ಡಿಬಗ್ ಕಟ್ಟಣೆ ಋಣ ಸಂಖ್ಯೆ ಕಂಡೊಡನೆ ತಡೆದು ನಿಲ್ಲಿಸುತ್ತದೆ. ಹೆಡರ್ ಎಲ್ಲ ಕಡೆಯೂ ಒಂದೇ, ಗುಣಮಟ್ಟದ ಪಟ್ಟಿಯಲ್ಲಿರುವುದೇ. ಆದರೂ ನಾಲ್ಕು ಕಡೆ ನಾಲ್ಕು ನಡತೆ, ಕೊಟ್ಟ ಬೆಲೆ ಕರಾರಿನ ಹೊರಗಿದ್ದುದರಿಂದ. ಇಂಗ್ಲಿಷ್ ಮಾತ್ರ ಟೈಪ್ ಮಾಡುವವರಿಗೆ ಇದು ಜೀವಮಾನವಿಡೀ ಗೊತ್ತಾಗದೆ ಹೋಗಬಹುದು. ಕನ್ನಡ ಸಂಗ್ರಹಿಸಿದವರಿಗೆ ಮೊದಲ ಅಕ್ಷರದಲ್ಲೇ ಗೊತ್ತಾಗುತ್ತದೆ. ಎಲ್ಲ ಕರೆಗಳಿಗೂ ಚಿಹ್ನೆರಹಿತ ಕ್ಯಾರ್‌ನ ಕಾಸ್ಟ್ ಹಾಕಿದೆ.

ಕೊನೆಯ ಸುತ್ತು ಜಿಸಿಸಿ 15ರಲ್ಲಿ. ಅದರ ರೂಢಿಯ ಭಾಷೆ ಸಿ23ರ ಆಧಾರದ್ದು, ಅದರಲ್ಲಿ ಬೂಲ್ ಭಾಷೆಯ ಕಾದಿಟ್ಟ ಪದ. ಮೇಷ್ಟರ ಹೆಡರ್‌ನಲ್ಲಿ ಬೂಲ್ ಎಂಬ ಈನಮ್ ಟೈಪ್‌ಡೆಫ್ ಇತ್ತು. ಮೇಕ್‌ಫೈಲ್‌ನಲ್ಲಿ ಸಿ99 ಇರುವುದರಿಂದ ಅದು ಮುಟ್ಟದೆ ಹೋಗುತ್ತದೆ. ಆದರೂ ಯಾರಾದರೂ ಮೇಕ್‌ಫೈಲ್ ಇಲ್ಲದೆ ಕಟ್ಟಿಯಾರು ಎಂದು ಅದನ್ನು ತೆಗೆದು ಎಸ್‌ಟಿಡಿಬೂಲ್.ಎಚ್ ಹಾಕಿದೆ. ಖಾಲಿ ಆವರಣದ ಫಂಕ್ಷನ್ ಘೋಷಣೆಗಳಿಗೆ ಆರ್ಗ್ಯುಮೆಂಟ್‌ಗಳನ್ನು ತುಂಬಿದೆ. ಸಿ23ರಲ್ಲಿ ಖಾಲಿ ಆವರಣ ಎಂದರೆ ಏನೂ ಇಲ್ಲ ಎಂದೇ ಅರ್ಥ, ಏನಾದರೂ ಇರಬಹುದು ಎಂದಲ್ಲ.

ಈಗ ಕೋಡ್ ಡೆಬಿಯನ್, ಆಲ್ಪೈನ್, ಮ್ಯಾಕ್, ಪೈ ನಾಲ್ಕರಲ್ಲೂ ಎಚ್ಚರಿಕೆಯಿಲ್ಲದೆ ಕಟ್ಟುತ್ತದೆ. ಪೋಸಿಕ್ಸ್ ಹೆಡರ್‌ಗಳು ಉಳಿದಿರುವುದು ಪರದೆ.ಸಿಯಲ್ಲಿ ಮಾತ್ರ, ವಿಂಡೋಸ್ ಬೇಕೆಂದರೆ ತಿದ್ದಬೇಕಾದ ಮೊದಲ ಕಡತ ಅದು. ಸ್ಟ್ರ್‌ಡಪ್‌ಗೆ ಅಲ್ಲಿ ಮುಂದೆ ಅಡಿಗೆರೆ ಸೇರಿಸಿದ ಹೆಸರು ಬಳಸಿ ಎಂದು ಮೈಕ್ರೋಸಾಫ್ಟ್‌ನ ಕಂಪೈಲರ್ ಎಚ್ಚರಿಸುತ್ತದೆ. ಇನ್ನು ಇಸ್ಕಿಯಿಂದ ಯೂನಿಕೋಡ್‌ಗೆ ಬದಲಿಸುವ ಕೋಷ್ಟಕ ಬರೆಯಬೇಕು. ಅದಕ್ಕೆ ಡಬ್ಲ್ಯುಕ್ಯಾರ್.ಎಚ್ ಬಳಸುವುದಿಲ್ಲ, ಏಕೆಂದರೆ ಅದರ ಅಗಲಾಕ್ಷರ ಲಿನಕ್ಸ್‌ನಲ್ಲಿ 32 ಬಿಟ್, ವಿಂಡೋಸ್‌ನಲ್ಲಿ 16. 179ಕ್ಕೆ ಕ, 198ಕ್ಕೆ ನ ಎಂದು ಪ್ರತಿ ಅಕ್ಷರಕ್ಕೂ ಯುಟಿಎಫ್-8ರ ಮೂರು ಮೂರು ಬೈಟ್‌ಗಳನ್ನು ಬರೆದಿಡುತ್ತಿದ್ದೇನೆ. ವ್ಯಂಜನಗಳು ಮುಗಿದಿವೆ, ಸ್ವರಚಿಹ್ನೆಗಳು ನಡೆಯುತ್ತಿವೆ.